ಖಾಲಿ ಮನೆಯ ಕಂದಾಯ

ತಿ. ನರಸೀಪುರ
12 ಏಪ್ರಿಲ್ 1975

ಪುರಸಭೆಯ ಕಂದಾಯ ಶಾಖೆಯವರಿಗೆ, ನಂಜನಗೂಡು

ಮಾನ್ಯರೇ,

ನಿಮ್ಮ ಬಿಲ್ಲು ಮೂರು ವಿಳಾಸ ಸುತ್ತಿ ಕೊನೆಗೆ ನಾನು ಪಾಠ ಮಾಡುವ ಶಾಲೆಗೆ ಬಂತು. ಹೆಡ್ಮಾಸ್ಟರು ಅದನ್ನು ಎಲ್ಲರೆದುರಿಗೆ ಕೊಟ್ಟು, "ಏನಮ್ಮಾ, ಮನೆ ಒಡತಿ!" ಅಂದರು.

ಅಗ್ರಹಾರದ ಹಿಂದಿನ ಬೀದಿಯ ಆ ಮನೆ ನಮ್ಮ ಯಜಮಾನರು ವ್ಯಾಸರಾಜ ಅವರದು. ಅವರು ತೀರಿಕೊಂಡು ಮೂರು ವರ್ಷವಾಯಿತು, ಖಾತೆ ನನ್ನ ಹೆಸರಿಗಾಗಿದೆ. ನಾನಿರುವುದು ಇಲ್ಲಿ, ಬಾಡಿಗೆಯ ಒಂದು ಕೋಣೆಯಲ್ಲಿ. ಆ ಮನೆಗೆ ಎರಡು ವರ್ಷದಿಂದ ಬೀಗ. ಅಲ್ಲಿ ನಲ್ಲಿ ತಿರುಗಿಸುವವರಿಲ್ಲ, ದೀಪ ಹಚ್ಚುವವರಿಲ್ಲ, ಗುಡಿಸಿ ಹೊರಗೆ ಹಾಕುವವರೂ ಇಲ್ಲ. ನೀವು ಕಸಕ್ಕೆ, ಚರಂಡಿಗೆ, ಬೀದಿದೀಪಕ್ಕೆ ಅಂತ ಕಂದಾಯ ಕೇಳುತ್ತೀರಿ. ಯಾರ ಕಸ ಸ್ವಾಮಿ?

ನಾನು ಏಳನೇ ತರಗತಿಗೆ ಲೆಕ್ಕ ಹೇಳಿಕೊಡುವವಳು. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ ಅಂತ ಮಕ್ಕಳಿಗೆ ಹೇಳುತ್ತೇನೆ. ನಿಮ್ಮಲ್ಲಿ ಬೇರೆ ಲೆಕ್ಕವಿದ್ದರೆ ದಯವಿಟ್ಟು ತಿಳಿಸಿ, ಮಕ್ಕಳಿಗೂ ಅದನ್ನೇ ಹೇಳಿಕೊಡುತ್ತೇನೆ.

ಇಂತಿ,
ಚಂಪಕ

ನಂಜನಗೂಡು
21 ಏಪ್ರಿಲ್ 1975

ಶ್ರೀಮತಿ ಚಂಪಕ ಅವರಿಗೆ ನಮಸ್ಕಾರಗಳು.

ನಾನು ತಮ್ಮ ಬೀದಿಯ ಬಿಲ್ ಕಲೆಕ್ಟರ್. ಕಚೇರಿಯ ಉತ್ತರ ಬೇರೆ ಬರುತ್ತದೆ, ಅದರಲ್ಲಿ ಕಾಯಿದೆಯ ನಂಬರುಗಳಷ್ಟೇ ಇರುತ್ತವೆ. ಅದಕ್ಕಾಗಿ ಇದನ್ನು ನಾನಾಗಿ ಬರೆಯುತ್ತಿದ್ದೇನೆ, ಉದ್ಧಟತನವೆಂದು ತಿಳಿಯಬಾರದು.

ಕಂದಾಯ ಹಾಕುವುದು ಮನೆಯಲ್ಲಿರುವ ಜನಕ್ಕಲ್ಲ, ಮನೆಗೆ. ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬಂದೀತು ಅನ್ನುವುದನ್ನು ಅಂದಾಜು ಮಾಡಿ ಅದರ ಮೇಲೆ ಹಾಕುತ್ತಾರೆ. ಕೊಟ್ಟಿದ್ದೀರಾ ಇಲ್ಲವಾ ಅನ್ನುವುದು ಬೇರೆ ಮಾತು. ಆದರೆ ಮನೆ ಎರಡು ತಿಂಗಳಿಗಿಂತ ಹೆಚ್ಚು ಖಾಲಿ ಇದ್ದು, ಮಾಲೀಕರು ಹಾಗೆಂದು ಬರೆದುಕೊಟ್ಟರೆ ರಿಯಾಯಿತಿ ಉಂಟು. ಒಂದೇ ತೊಡಕು. ಒಮ್ಮೆ ಬರೆದುಕೊಟ್ಟರೆ ಸಾಲದು, ಅರ್ಧ ವರ್ಷಕ್ಕೊಂದರಂತೆ ಏಪ್ರಿಲಿನಲ್ಲೂ ಅಕ್ಟೋಬರಿನಲ್ಲೂ ಹೊಸದಾಗಿ ಬರೆಯಬೇಕು. ಪ್ರತಿ ಸಲ ನಾನು ಹೋಗಿ, ಬೀಗ ಹಾಕಿದೆ, ಯಾರೂ ವಾಸವಿಲ್ಲ ಎಂದು ನೋಡಿ ವರದಿ ಕೊಡಬೇಕು.

ಸೊನ್ನೆಯ ಲೆಕ್ಕ ಓದಿ ನಮ್ಮ ಶಾಖೆಯಲ್ಲಿ ಎಲ್ಲರೂ ನಕ್ಕರು. ನಾನು ಲೆಕ್ಕದಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲ ದಡ ಮುಟ್ಟಿದವನು, ಸ್ವಲ್ಪ ತಡವಾಗಿ ನಕ್ಕೆ.

ತಮ್ಮ ವಿಶ್ವಾಸಿ,
ಎಂ. ನಿಂಗರಾಜು

ತಿ. ನರಸೀಪುರ
3 ಮೇ 1975

ನಿಂಗರಾಜು ಅವರಿಗೆ,

ನನ್ನ ಮನೆ ಖಾಲಿ ಇದೆ ಎಂದು ಈ ಮೂಲಕ ಬರೆದುಕೊಡುತ್ತಿದ್ದೇನೆ. ಅರ್ಜಿ ಇದರೊಳಗಿದೆ.

ರಿಜಿಸ್ಟರ್ಡ್ ಕವರು ಯಾಕೆ ಭಾರವಾಗಿದೆ ಅಂದುಕೊಂಡಿರೇನೋ. ಅದರಲ್ಲಿರುವುದು ಮುಂಬಾಗಿಲ ಬೀಗದ ಎರಡನೇ ಕೈ. ಕಾಯಿದೆ ಕೇಳಲಿಲ್ಲ, ನಾನೇ ಕಳಿಸುತ್ತಿದ್ದೇನೆ. ಬೀಗ ನೋಡಲು ಹೇಗೂ ಹೋಗುತ್ತೀರಿ, ಒಳಗೂ ಒಂದು ಸಲ ನೋಡಿ ಹೇಗಿದೆ ಅಂತ ಎರಡು ಸಾಲು ಬರೆಯಿರಿ. ನನಗೆ ಅಲ್ಲಿಗೆ ಬರುವ ಧೈರ್ಯವಿಲ್ಲ. ಬಾಗಿಲು ತೆಗೆದರೆ ಅವರ ಕೆಮ್ಮು ಕೇಳಿಸುತ್ತದೇನೋ ಅನಿಸುತ್ತದೆ. ಅವರು ಕಡೆಯ ಆರು ತಿಂಗಳು ಕೆಮ್ಮಿದ್ದು ಆ ಮನೆಯಲ್ಲೇ.

ನೋಡಿ, ಕಂದಾಯದವರಿಗೆ ಏನೆಲ್ಲ ಬರೆಯುತ್ತಿದ್ದೇನೆ.

ಚಂಪಕ

ನಂಜನಗೂಡು
20 ಮೇ 1975

ಶ್ರೀಮತಿ ಚಂಪಕ ಅವರಿಗೆ ನಮಸ್ಕಾರಗಳು.

ವರದಿ ಕೊಟ್ಟಾಯಿತು, ರಿಯಾಯಿತಿ ಮಂಜೂರಾಗಿದೆ. ತಮ್ಮ ಮನೆ ಕ್ಷೇಮವಾಗಿದೆ. ನಡುಮನೆ ಹದಿನಾಲ್ಕಡಿ ಉದ್ದ, ಹನ್ನೊಂದಡಿ ಅಗಲ, ಈ ಬೀದಿಯಲ್ಲಿ ದೊಡ್ಡದೆಂದೇ ಹೇಳಬೇಕು. ಮಂಗಳೂರು ಹೆಂಚು, ಎರಡು ತೇಗದ ಕಂಬ. ಅಡಿಗೆಮನೆಗೆ ಮೂಡಲ ಕಡೆ ಒಂದು ಕಿಟಕಿ ಇದೆಯಲ್ಲ, ಬೆಳಗಿನ ಬಿಸಿಲು ಅದರಿಂದ ನೇರವಾಗಿ ಒಲೆಯ ಮೇಲೇ ಬೀಳುತ್ತದೆ. ಅಲ್ಲಿ ಬೆಳಿಗ್ಗೆ ಕಾಫಿ ಮಾಡುವವರಿಗೆ ದೀಪವೇ ಬೇಕಿರಲಿಲ್ಲ ಅನಿಸಿತು.

ಯಾವ ಕೆಮ್ಮೂ ಕೇಳಿಸಲಿಲ್ಲ. ತಾವು ಧೈರ್ಯವಾಗಿರಬೇಕು.

ಎಂ. ನಿಂಗರಾಜು

ತಿ. ನರಸೀಪುರ
6 ಅಕ್ಟೋಬರ್ 1975

ನಿಂಗರಾಜು ಅವರಿಗೆ,

ಇನ್ನರ್ಧ ವರ್ಷದ ಅರ್ಜಿ ಇದರೊಂದಿಗಿದೆ. ಮನೆ ಇನ್ನೂ ಖಾಲಿ.

ಅಡಿಗೆಮನೆಯ ಕಿಟಕಿಯ ಸಾಲುಗಳನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನೀವು ಇನ್ನಷ್ಟು ಬರೆಯಬೇಕು. ಹಿತ್ತಲು ಹೇಗಿದೆ? ದೇವರ ಮನೆ? ಏನು ಕಂಡರೂ ಬರೆಯಿರಿ, ನಾನು ಎಲ್ಲವನ್ನೂ ನಂಬುತ್ತೇನೆ.

ಇಲ್ಲಿ ಹೊಳೆ ತುಂಬಿದೆ. ನಿಮ್ಮೂರಿನ ಕಪಿಲೆ ನಮ್ಮೂರಿಗೆ ಬಂದು ಕಾವೇರಿ ಸೇರುತ್ತಾಳೆ. ನೀರಿಗೆ ಇರುವ ದಾರಿ ಬಸ್ಸಿಗಿಲ್ಲ, ದಿನಕ್ಕೆ ಎರಡೇ.

ಚಂಪಕ

ನಂಜನಗೂಡು
19 ಅಕ್ಟೋಬರ್ 1975

ಚಂಪಕ ಅವರಿಗೆ ನಮಸ್ಕಾರಗಳು.

ಹಿತ್ತಲಿನಲ್ಲಿ ನುಗ್ಗೆಮರ ಗೋಡೆಯ ಮೇಲೆ ಹಬ್ಬಿದೆ, ಕಾಯಿ ತುಂಬ ಬಿಟ್ಟಿದೆ. ದೇವರ ಮನೆ ಆರಡಿಗೆ ಐದಡಿ, ಬಾಗಿಲಿಗೆ ಕೆತ್ತನೆಯಿದೆ.

ತಮ್ಮ ಪತ್ರ ಬಂದ ದಿನ ನಾನು ಬಿಳಿಗೆರೆಯಲ್ಲಿದ್ದೆ, ನಮ್ಮೂರು. ಕವರು ಜೇಬಿನಲ್ಲೇ ಇತ್ತು. ನಮ್ಮವ್ವ ಮಾದಮ್ಮ ಓದುಬರಹ ಕಲಿತವಳಲ್ಲ, ಕಣ್ಣು ಮಾತ್ರ ಚುರುಕು. "ಅದೇನ್ಲಾ ಮಗ, ಕಂದಾಯದ ಕಾಗ್ದವ ದಿನಕ್ಕೆ ಎಷ್ಟ್ ಸಲ ಓದೀಯೆ? ದುಡ್ಡು ನೀನ್ ಕಟ್ಬೇಕಾ?" ಅಂದಳು. ಕಚೇರಿ ಕೆಲಸ ಕಣವ್ವ ಅಂದೆ. "ಕಚೇರಿ ಕೆಲ್ಸಕ್ಕೆ ಯಾರೂ ಹಂಗೆ ನಗಾಕಿಲ್ಲ ಕಣ್ಲಾ" ಅಂದಳು.

ಇದನ್ನು ಬರೆಯಬಾರದಿತ್ತೇನೋ. ಬರೆದಾಯಿತು.

ನಿಂಗರಾಜು

ತಿ. ನರಸೀಪುರ
9 ಏಪ್ರಿಲ್ 1977

ನಿಂಗರಾಜು ಅವರಿಗೆ,

ಅರ್ಜಿ ಇದರೊಂದಿಗಿದೆ. ಎಷ್ಟನೆಯದು ಅಂತ ನಿಮಗೆ ಗೊತ್ತು.

ನಮ್ಮ ಶಾಲೆಯ ರುದ್ರಾಣಿ ಇವತ್ತು ನನ್ನನ್ನು ಚೆನ್ನಾಗಿ ಬೈದಳು. "ನಿಮಗೆ ಸಿಗೋ ರಿಯಾಯ್ತಿ ಬಸ್ ಚಾರ್ಜಿಗೂ ಸಾಲಲ್ಲ ಕಣ್ರೀ. ಲೆಕ್ಕದ ಟೀಚರ್ ಬೇರೆ! ಬಾಡಿಗೆಗೆ ಕೊಟ್ಟು ಸುಮ್ನಿರಬಾರ್ದಾ ಅತ್ಲಾಗೆ?" ಅವಳು ಹೇಳುವುದು ಸರಿ. ಬಾಡಿಗೆಗೆ ಕೊಟ್ಟರೆ ಒಂದೇ ತಿಂಗಳಲ್ಲಿ ಇಡೀ ವರ್ಷದ ಕಂದಾಯ ಹುಟ್ಟುತ್ತದೆ. ಅವಳಿಗೆ ಹೂಂ ಅಂದು ತರಗತಿಗೆ ಹೋದೆ.

ನಿಮಗೆ ಹೇಳಲೇ? ಮನೆಗೆ ಬಾಡಿಗೆದಾರರು ಬಂದರೆ ಏಪ್ರಿಲಿನಲ್ಲಿ ನಾನು ಯಾರಿಗೆ ಬರೆಯುವುದು? ಅಕ್ಟೋಬರಿನಲ್ಲಿ ಏನಂತ ಬರೆಯುವುದು? ನಿಮ್ಮ ಪತ್ರ ಬರುವ ವಾರ ನಾನು ಮಕ್ಕಳ ಮೇಲೆ ರೇಗುವುದಿಲ್ಲ. ಮಕ್ಕಳಿಗೆ ಕಾರಣ ಗೊತ್ತಿಲ್ಲ.

ಚಂಪಕ

ನಂಜನಗೂಡು
2 ಮೇ 1977

ಚಂಪಕ ಅವರಿಗೆ,

ತಡವಾಯಿತು. ನಾಲ್ಕು ಸಲ ಬರೆದು ಹರಿದೆ.

ರುದ್ರಾಣಿಯವರು ಹೇಳಿದ್ದು ನ್ಯಾಯ. ಬಿಲ್ ಕಲೆಕ್ಟರನಾಗಿ ನಾನೂ ಅದನ್ನೇ ಹೇಳಬೇಕಿತ್ತು, ಎರಡು ವರ್ಷದಿಂದ ಹೇಳಲಿಲ್ಲ. ತಮಗೆ ನಷ್ಟವಾಗುತ್ತಿದೆ ಎಂದು ಗೊತ್ತಿದ್ದೂ ಸುಮ್ಮನಿದ್ದೆ. ನನಗೂ ವರ್ಷದಲ್ಲಿ ಎರಡೇ ತಿಂಗಳು. ಉಳಿದ ಹತ್ತನ್ನು ಹೇಗೋ ತಳ್ಳುತ್ತೇನೆ.

ಇದಕ್ಕಿಂತ ಹೆಚ್ಚು ಬರೆಯುವುದಕ್ಕೆ ಮೊದಲು ನನ್ನ ವಿಷಯ ತಮಗೆ ತಿಳಿಯಬೇಕಾದದ್ದು ಒಂದಿದೆ. ಈ ಸಲ ಆಗುವುದಿಲ್ಲ. ಮುಂದಿನ ಸಲ ಬರೆಯುತ್ತೇನೆ.

ನಿಂಗರಾಜು

ತಿ. ನರಸೀಪುರ
20 ನವೆಂಬರ್ 1978

ನಿಂಗರಾಜು ಅವರಿಗೆ,

ಒಂದೂವರೆ ವರ್ಷದಿಂದ "ಮುಂದಿನ ಸಲ"ಕ್ಕೆ ಕಾದೆ. ನೀವು ನುಗ್ಗೆಕಾಯಿಯ ವಿಷಯವನ್ನೇ ಬರೆಯುತ್ತಿದ್ದೀರಿ. ನಾನೂ ಕೇಳಲಿಲ್ಲ. ನಿಮಗೆ ಬಿಳಿಗೆರೆಯಲ್ಲಿ ಹೆಣ್ಣು ಗೊತ್ತಾಗಿರಬೇಕು, ಹೇಳಲು ಸಂಕೋಚ ಅಂದುಕೊಂಡಿದ್ದೇನೆ. ಆಗಿದ್ದರೆ ಸಂತೋಷ.

ಈಗ ಬರೆಯುವುದು ಬೇರೆ. ಅಲ್ಲಿನ ಎದುರುಮನೆ ಭಾಗೀರಥಮ್ಮನವರ ಮಗ ಸೀತಾರಾಮ ನನ್ನ ಮನೆ ಕೊಳ್ಳುತ್ತೇನೆ ಅಂತ ಬರೆದಿದ್ದಾನೆ. ಬೆಲೆ ಮೋಸವಿಲ್ಲ. ಸಂಕ್ರಾಂತಿಗೆ ಬಂದು ಕರಾರಿಗೆ ಸಹಿ ಹಾಕಿ ಅನ್ನುತ್ತಾನೆ. ಮಾರಿದರೆ ಖಾತೆ ಅವನ ಹೆಸರಿಗೆ ಹೋಗುತ್ತದೆ, ಅರ್ಜಿ ಬರೆಯುವ ಕೆಲಸವೂ ಮುಗಿಯುತ್ತದೆ.

ನೀವು ಏನು ಹೇಳುತ್ತೀರಿ? ಕಂದಾಯದವರಾಗಿ ಅಲ್ಲ.

ಚಂಪಕ

ನಂಜನಗೂಡು
4 ಡಿಸೆಂಬರ್ 1978

ಶ್ರೀಮತಿ ಚಂಪಕ ಅವರಿಗೆ ನಮಸ್ಕಾರಗಳು.

ಸ್ವತ್ತು ಮಾರುವುದು ಮಾಲೀಕರ ಇಷ್ಟ. ಕ್ರಯಪತ್ರ ನೋಂದಣಿಯಾದ ಮೇಲೆ ಕೊಂಡವರು ಖಾತೆ ಬದಲಾವಣೆಗೆ ಅರ್ಜಿ ಹಾಕಬೇಕು. ಅದಕ್ಕೆ ಮೊದಲು ಈ ಸಾಲಿನ ಕಂದಾಯ ಚುಕ್ತಾ ಆಗಿರಬೇಕು. ತಮ್ಮದು ಬಾಕಿಯಿಲ್ಲ.

ನನ್ನಲ್ಲಿರುವ ಬೀಗದ ಕೈಯನ್ನು ಯಾರಿಗೆ ಒಪ್ಪಿಸಬೇಕು ತಿಳಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಎಂ. ನಿಂಗರಾಜು

ತಿ. ನರಸೀಪುರ
17 ಜನವರಿ 1979

ನಿಂಗರಾಜು,

ಸಂಕ್ರಾಂತಿಯ ಮರುದಿನ ಶಾಲೆಗೆ ರಜೆ ಹಾಕಿ ನಾನು ನಂಜನಗೂಡಿಗೆ ಬಂದಿದ್ದೆ. ನಿಮ್ಮ ಡಿಸೆಂಬರ್ ಪತ್ರ ಓದಿದ ಸಿಟ್ಟಿನಲ್ಲಿ ಬಂದೆ. ಸಹಿ ಹಾಕಿಯೇಬಿಡುತ್ತೇನೆ, ಈ ಮನುಷ್ಯನಿಗೇ ಬೇಡವಾದರೆ ನನಗೆ ಯಾಕೆ ಬೇಕು ಅಂತ.

ಬೀಗ ಹತ್ತು ನಿಮಿಷ ಹಠ ಮಾಡಿತು. ನಡುಮನೆಯಲ್ಲಿ ಧೂಳು ಕಂಬಳಿ ಹಾಸಿದ ಹಾಗಿತ್ತು, ಒಂದೇ ಒಂದು ಹೆಜ್ಜೆಯ ಗುರುತಿರಲಿಲ್ಲ. ನನಗೆ ಆಶ್ಚರ್ಯವಾಗಲಿಲ್ಲ. ನೀವು ಒಳಗೆ ಹೋಗಿಲ್ಲ ಅಂತ ನನಗೆ ನಿಮ್ಮ ಎರಡನೇ ಪತ್ರದಿಂದಲೇ ಗೊತ್ತು. ಅಡಿಗೆಮನೆಗೆ ಮೂಡಲ ಕಿಟಕಿ ಇಲ್ಲ. ಆ ಗಾಳಿಗೆ ಕೆಮ್ಮು ಹೆಚ್ಚುತ್ತದೆ ಅಂತ ಯಜಮಾನರು ಅದನ್ನು ಇಟ್ಟಿಗೆಯಿಟ್ಟು ಮುಚ್ಚಿಸಿದ್ದರು. ಪುರಸಭೆಗೆ ತಿಳಿಸಿರಲಿಲ್ಲ. ನಿಮ್ಮ ಹಳೆಯ ಪುಸ್ತಕದಲ್ಲಿ ಅದಿನ್ನೂ ತೆರೆದೇ ಇದೆ, ಅಲ್ಲವೇ?

ಸೋಮಾರಿ ಮನುಷ್ಯ, ಕುರ್ಚಿಯಲ್ಲಿ ಕೂತು ಪುಸ್ತಕ ನೋಡಿ ಬರೆಯುತ್ತಾನೆ ಅಂದುಕೊಂಡೆ. ಒಬ್ಬಳೇ ನಕ್ಕೆ. ಆದರೆ ಮುಚ್ಚಿಹೋದ ಕಿಟಕಿಯಿಂದ ನನ್ನ ಒಲೆಯ ಮೇಲೆ ಬಿಸಿಲು ಬೀಳಿಸಿದವರು ನೀವೊಬ್ಬರೇ. ಕೇಳಿದರೆ ನಾಚಿಕೊಂಡು ಬರೆಯುವುದನ್ನೇ ಬಿಟ್ಟೀರಿ ಅಂತ ಹೆದರಿ ಸುಮ್ಮನಿದ್ದೆ.

ಆಮೇಲೆ ಭಾಗೀರಥಮ್ಮನವರು ಬಂದರು. ಸಂತೋಷದಿಂದ ಹೇಳಿದರು, ನನಗೆ ಉಪಕಾರ ಮಾಡಿದವರ ಹಾಗೆ. "ನಿನ್ನ ಮನೇನ ಮೈಲಿಗೆ ಆಗದ ಹಾಗೆ ಕಾದಿದೀನಿ ಕಣೇ ಚಂಪಕಾ. ಆ ಬಿಳಿಗೆರೆ ಕೇರಿ ಹುಡುಗ ಬೀಗದಕೈ ಹಿಡ್ಕೊಂಡು ಬಂದಿದ್ದ. ಹೊಸಲು ದಾಟಬೇಡಪ್ಪ, ಬೀದೀಲೇ ನಿಂತು ನೋಡ್ಕೊಂಡು ಹೋಗು ಅಂದೆ. ಹಾಗೇ ವಾಪಸ್ ಹೋದ. ಈಗಲೂ ವಾರಕ್ಕೊಂದ್ಸಲ ಬರ್ತಾನೆ, ಬೀದೀಲೇ ನಿಲ್ತಾನೆ, ಹೋಗ್ತಾನೆ."

ಅರ್ಧ ವರ್ಷಕ್ಕೊಂದು ಸಲ ನೋಡಬೇಕಾದ ಬೀಗವನ್ನು ನೀವು ವಾರಕ್ಕೊಂದು ಸಲ ಬಂದು ನೋಡುತ್ತೀರಂತೆ.

ನಾಲ್ಕು ವರ್ಷ ನಾನು ನಕ್ಕಿದ್ದು ಯಾವುದಕ್ಕೆ ಅಂತ ಈಗ ಗೊತ್ತಾಯಿತು. ನಿಮ್ಮ ಕಚೇರಿಗೆ ಬರಬೇಕೆಂದು ಅರ್ಧ ದಾರಿ ಬಂದೆ, ಮುಖ ತೋರಿಸಲಾಗಲಿಲ್ಲ, ಬಸ್ಸು ಹತ್ತಿದೆ. ಕರಾರಿಗೆ ಸಹಿ ಹಾಕಲಿಲ್ಲ.

ಚಂಪಕ

ನಂಜನಗೂಡು
5 ಫೆಬ್ರವರಿ 1979

ಚಂಪಕ ಅವರೇ,

ಹೌದು, ಎಲ್ಲವೂ ಅಸೆಸ್‌ಮೆಂಟ್ ರಿಜಿಸ್ಟರಿನಿಂದ ತೆಗೆದದ್ದು. ಒಂದೊಂದು ಮನೆಗೂ ಅದರಲ್ಲಿ ಒಂದು ಪುಟವಿದೆ. ಎಷ್ಟು ಕೋಣೆ, ಎಷ್ಟು ಅಡಿ, ಎಷ್ಟು ಬಾಗಿಲು, ಕಿಟಕಿ ಯಾವ ಕಡೆ. ನಿಮ್ಮ ಪುಟ ನನಗೆ ಬಾಯಿಪಾಠ. ಕಚೇರಿಗೆ ಕೊಟ್ಟ ವರದಿಯಲ್ಲಿ ಸುಳ್ಳಿಲ್ಲ, ಬೀಗ ಹಾಕಿತ್ತು, ನೋಡಿದೆ. ಸುಳ್ಳು ಬರೆದದ್ದು ನಿಮಗೆ ಮಾತ್ರ. ನುಗ್ಗೆಮರ ನಿಜ, ಅದು ಬೀದಿಗೂ ಕಾಣುತ್ತದೆ.

ನಾನು ಆದಿಕರ್ನಾಟಕ ಜಾತಿಯವನು. ನಾನು ಹೇಳಬೇಕಾಗಿದ್ದ ವಿಷಯ ಅದೇ. ಹೆಸರು ನೋಡಿದರೆ ಗೊತ್ತಾಗುವುದಿಲ್ಲ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಹೆಣ್ಣೂ ಗೊತ್ತಾಗಿಲ್ಲ, ಯಾವ ಹೆಣ್ಣೂ ಇಲ್ಲ.

ಅವತ್ತು ಭಾಗೀರಥಮ್ಮನವರ ಮಾತು ಕೇಳಬೇಕಾಗಿರಲಿಲ್ಲ. ಕೈಯಲ್ಲಿ ಕಚೇರಿಯ ಚೀಲ, ಜೇಬಿನಲ್ಲಿ ನೀವೇ ಕೊಟ್ಟ ಬೀಗದ ಕೈ. ಆದರೆ ಒಳಗೆ ಹೋಗಿದ್ದರೆ ಅವರು ಅವತ್ತೇ ನಿಮಗೆ ಕಾಗದ ಹಾಕುತ್ತಿದ್ದರು, ಮರುಟಪಾಲಿಗೆ ನೀವು ಬೀಗದ ಕೈ ವಾಪಸ್ಸು ಕೇಳುತ್ತಿದ್ದಿರಿ ಅಂದುಕೊಂಡೆ. ನಿಮ್ಮನ್ನು ಅಷ್ಟು ಕೀಳಾಗಿ ಎಣಿಸಿದ್ದಕ್ಕೆ ಕ್ಷಮಿಸಿ. ನಿಮ್ಮ ಪತ್ರ ನಿಲ್ಲುವುದಕ್ಕಿಂತ ಬೀದಿಯಲ್ಲಿ ನಿಲ್ಲುವುದು ವಾಸಿ ಅನಿಸಿತು.

ಮನೆ ಮಾರಬೇಡಿ ಅಂತ ಡಿಸೆಂಬರಿನಲ್ಲೇ ಬರೆಯಬೇಕೆಂದಿದ್ದೆ. ಅದನ್ನು ಹೇಳಲು ನಾನು ಯಾರು?

ನಿಂಗರಾಜು

ನಂಜನಗೂಡು
20 ಜೂನ್ 1979

ನಿಂಗರಾಜು,

ಮೇಲೆ ಊರಿನ ಹೆಸರು ನೋಡಿ ಗಾಬರಿಯಾಗಬೇಡಿ. ವರ್ಗ ಕೇಳಿ ಮೈಸೂರಿಗೆ ಆರು ಸಲ ಅಲೆದೆ, ಸಿಕ್ಕಿತು. ಅದಕ್ಕೇ ನಾಲ್ಕು ತಿಂಗಳು ಬರೆಯಲಿಲ್ಲ. ಸಿಗದಿದ್ದರೆ ನಿಮಗೆ ಬರೀ ಆಸೆ ಹಚ್ಚಿದಂತಾಗುತ್ತಿತ್ತು. ನೀವು ನಾಲ್ಕು ತಿಂಗಳು ಏನಂದುಕೊಂಡಿರೋ ದೇವರೇ ಬಲ್ಲ.

ಜೂನ್ ಒಂದರಿಂದ ಈ ಮನೆಯಲ್ಲಿ ವಾಸವಿದೆ ಎಂದು ತಿಳಿಸುತ್ತಿದ್ದೇನೆ. ರಿಯಾಯಿತಿ ತೆಗೆದುಹಾಕಿ ಪೂರ್ತಿ ಕಂದಾಯ ಬರೆದುಕೊಳ್ಳಿ. ಬಿಲ್ಲು ತರುವುದು ಬಿಲ್ ಕಲೆಕ್ಟರ್ ಕೆಲಸ. ತನ್ನಿ. ಬಾಗಿಲು ತೆರೆದಿರುತ್ತದೆ.

ಚಂಪಕ

ನಂಜನಗೂಡು
29 ಜೂನ್ 1979

ಚಂಪಕ ಅವರೇ,

ಬಿಲ್ಲು ಹಿಡಿದು ಮೂರು ಸಲ ನಿಮ್ಮ ಬೀದಿಯ ತಿರುವಿನವರೆಗೆ ಬಂದು ವಾಪಸ್ಸಾದೆ. ಬಿಲ್ಲು ಕೈಯಲ್ಲಿದ್ದರೆ ಭಾಗೀರಥಮ್ಮನವರೂ ತಡೆಯಲಾರರು. ಆಗ ಒಳಗೆ ಬರುವುದು ಪುರಸಭೆ, ನಾನಲ್ಲ. ಹಾಗೆ ಬರಲು ಮನಸ್ಸಿಲ್ಲ. ನಾಲ್ಕು ವರ್ಷ ಕಾದದ್ದು ಬಿಲ್ಲು ಕೊಡುವುದಕ್ಕಲ್ಲ.

ನಿಂಗರಾಜು

ನಂಜನಗೂಡು
3 ಜುಲೈ 1979

ನಿಂಗರಾಜು,

ಹಾಗಾದರೆ ಬಿಲ್ಲು ಅಂಚೆಗೆ ಹಾಕಿ. ನೀವು ಭಾನುವಾರ ಬನ್ನಿ, ಕಚೇರಿಗೆ ರಜೆ. ಊಟಕ್ಕೆ, ಹನ್ನೆರಡೂವರೆಗೆ. ಭಾಗೀರಥಮ್ಮನವರಿಗೂ ಹೇಳಿದ್ದೇನೆ, ಯಾರು ಬರುತ್ತಾರೆ ಅಂತ. ಅವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಮನೆ ಎಷ್ಟು ನಿಶ್ಶಬ್ದವಾಗಿದೆ ಗೊತ್ತೇ? ನನಗೆ ನಿಮ್ಮ ದನಿ ಹೇಗಿದೆ ಅಂತ ಕೇಳಬೇಕು.

ಚಂಪಕ

ನಂಜನಗೂಡು
9 ಜುಲೈ 1979, ಸೋಮವಾರ

ಚಂಪಕ ಅವರೇ,

ಒಂದೇ ಊರಿನಲ್ಲಿದ್ದುಕೊಂಡು ಪತ್ರ ಬರೆಯುತ್ತಾನೆ ಅಂತ ನಗಬೇಡಿ. ನಿನ್ನೆ ಬಾಯಿಗೆ ಬಾರದ್ದನ್ನು ಬರೆಯುತ್ತಿದ್ದೇನೆ.

ನಿಮ್ಮನ್ನು ನೋಡಿದ್ದು ನಿನ್ನೆಯೇ ಮೊದಲು. ಪತ್ರ ಓದಿ ಓದಿ ನೀವು ಎತ್ತರದ, ಗಟ್ಟಿ ದನಿಯ ಹೆಂಗಸು ಅಂದುಕೊಂಡಿದ್ದೆ. ನೀವು ನನ್ನ ಭುಜಕ್ಕೂ ಬರುವುದಿಲ್ಲ. "ಬನ್ನಿ ಒಳಗೆ" ಅಂದಿರಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಂದಿರಿ. ಎದುರುಮನೆಯ ಬಾಗಿಲು ಹಾಕಿತ್ತು. ಬೀದಿಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ನನ್ನನ್ನು ಯಾರೂ ತಡೆಯಲಿಲ್ಲ. ಆದರೂ ನಾನು ಹೊಸ್ತಿಲು ದಾಟಲಿಲ್ಲ. ಇಷ್ಟು ವರ್ಷ ಭಾಗೀರಥಮ್ಮನವರು ತಡೆದರು ಅಂತಲೇ ಹೇಳಿಕೊಂಡು ಬಂದವನು ನಾನು. ನಿನ್ನೆಯಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ನೀವು ಮೂರನೇ ಸಲ ಕರೆಯಲಿಲ್ಲ. ಎರಡು ತಟ್ಟೆ ಹೊರಗೆ ತಂದಿರಿ, ಜಗುಲಿಯ ಮೇಲೆ ನನ್ನ ಪಕ್ಕದಲ್ಲೇ ಕೂತು ಉಂಡಿರಿ. ನಾವು ಅರ್ಧ ಉಣ್ಣುವಷ್ಟರಲ್ಲಿ ಬೀದಿಯ ಬಾಗಿಲುಗಳೆಲ್ಲ ತೆರೆದವು. ಆ ಬೀದಿಯಲ್ಲಿ ಹಾಗೆ ಕೂರಲು ಎಷ್ಟು ಧೈರ್ಯ ಬೇಕು ಅಂತ ನನಗೆ ಗೊತ್ತು. ನನಗಾಗಿ ಯಾರೂ ಅಷ್ಟು ಮಾಡಿಲ್ಲ. ನನಗೆ ನಿಮ್ಮ ಮೇಲೆ ಇರುವುದಕ್ಕೆ ಇನ್ನು ಬೇರೆ ಹೆಸರು ಹುಡುಕುವುದಿಲ್ಲ. ಪ್ರೀತಿ ಅಂತಲೇ ಬರೆಯುತ್ತಿದ್ದೇನೆ.

ಸಾರು ಚೆನ್ನಾಗಿತ್ತು. ಆದರೂ ಅರ್ಧ ತಟ್ಟೆಯಲ್ಲೇ ಬಿಟ್ಟೆ. ಚಿಕ್ಕಂದಿನಲ್ಲಿ ಅವ್ವನ ಜೊತೆ ಕೂಲಿಗೆ ಹೋದಾಗಿನಿಂದ ನಾನು ಕಂಡವರ ಮನೆಯ ಹೊರಗೇ ಕೂತು ಉಂಡವನು. ನಿನ್ನೆ ಪಕ್ಕದಲ್ಲಿ ನೀವಿದ್ದಿರಿ, ಅಷ್ಟೇ ವ್ಯತ್ಯಾಸ. ಕೂತದ್ದು ಹೊರಗೇ.

ಬರುವ ಭಾನುವಾರ ಮತ್ತೆ ಬರುತ್ತೇನೆ. ಅವತ್ತೂ ನಾನು ಬಾಗಿಲಲ್ಲೇ ನಿಂತುಬಿಟ್ಟರೆ ನನಗಾಗಿ ತಟ್ಟೆ ಹೊರಗೆ ತರಬೇಡಿ. ಒಳಗೇ ಬಡಿಸಿಟ್ಟು, ನೀವು ನಿಮ್ಮ ಪಾಡಿಗೆ ಕೂತಿರಿ. ಅನ್ನ ಆರಿದರೆ ಆರಲಿ. ನನಗೆ ಚೆನ್ನಾಗಿ ಹಸಿವಾಗಲಿ.

ನಿಂಗರಾಜು